ಹೊಟ್ಟು ತುಂಬಿದ ಚೀಲ

ಟೀಚರು ತಮ್ಮ ಗಂಡನಿಗೆ ಹೇಳಿದ ಅತಿ ದೊಡ್ಡ ಸುಳ್ಳನ್ನು ಹೊಲಿಗೆ ಮಿಷನ್ನಿನ ಮುಂದೆ ಕೂತು ಹೊಲಿದರು. ಬಿಚ್ಚದಿರಲಿ ಎಂದು ಅಂಚಿಗೆ ಎರಡೆರಡು ಹೊಲಿಗೆ ಬೇರೆ.

ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಬೀದಿಯಲ್ಲಿ ಎಲ್ಲರಿಗೂ ಇವತ್ತಿಗೂ ಟೀಚರೇ. ಯಜಮಾನರು ಚಿತ್ರಗಳಿಗೆ ಕಟ್ಟು ಹಾಕುವ ಕೆಲಸದವರು. ಮನೆಯ ಮಹಡಿಯ ಮೇಲಿನ ಕೋಣೆಯೇ ಅವರ ಕಾರ್ಖಾನೆ: ಗರಗಸ, ಉಳಿ, ಗಾಜು ಕೊಯ್ಯುವ ಮೇಜು, ಮೂಲೆಯಲ್ಲಿ ರಾಶಿ ಬಿದ್ದ ಮರದ ಹೊಟ್ಟು. ಎಪ್ಪತ್ತು ದಾಟಿದ ಮೇಲೂ ಬೆಳಗಿನ ಕಾಫಿ ಕುಡಿದು ಮೇಲೆ ಹತ್ತಿದರೆ ಊಟಕ್ಕೇ ಇಳಿಯುತ್ತಿದ್ದುದು. ಆಮೇಲೆ ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು, ಹಾಸಿಗೆ ಹಿಡಿದರು. ಜ್ವರ ಬಿಟ್ಟಾಗ ನೋಡಿದರೆ ತೊಡೆಯಲ್ಲಿ ಮಾಂಸವೇ ಇರಲಿಲ್ಲ. ಕುರ್ಚಿಯಿಂದ ಏಳಲು ಒಬ್ಬರು ಕೈ ಕೊಡಬೇಕು. ಮಹಡಿಯಂತೂ ಬೇರೆ ದೇಶವೇ ಆಗಿಹೋಯಿತು.

ಆಸ್ಪತ್ರೆಯವರು ಕಳಿಸಿದ ವ್ಯಾಯಾಮದ ಹುಡುಗಿ ಮೊದಲ ದಿನವೇ ಬಾಗಿಲಲ್ಲಿ ಚಪ್ಪಲಿ ನೀಟಾಗಿ ಜೋಡಿಸಿಟ್ಟು ಒಳಗೆ ಬಂದಳು. ಟೀಚರಿಗೆ ಅಷ್ಟರಲ್ಲೇ ಇಷ್ಟವಾಗಿಬಿಟ್ಟಳು.

"ಅಜ್ಜಾ, ಈ ವಯಸ್ಸಲ್ಲೂ ಮಾಂಸ ಬೆಳೆಯುತ್ತೆ," ಅಂದಳು. "ಆದರೆ ಪುಕ್ಕಟೆ ಬೆಳೆಯಲ್ಲ. ಕಾಲಿಗೆ ಭಾರ ಕಟ್ಟಿ ಎತ್ತಬೇಕು. ಎತ್ತಿ ಎತ್ತಿ ಕೊನೆಗೆ ಬರೋ ಹೊತ್ತಿಗೆ, ಇನ್ನೊಂದು ಸಲ ಆಗಲ್ಲಪ್ಪಾ ಅನ್ನಿಸಬೇಕು. ಸುಲಭ ಅನ್ನಿಸಿದರೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಸುಲಭ ಆದಾಗೆಲ್ಲಾ ಭಾರ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡೋಣ."

"ನೀನು ನನ್ನ ಹೆಂಡ್ತಿ ಕಡೆಯವಳೋ ಹೇಗೆ? ಅವಳೂ ಹೀಗೇ, ಸುಲಭ ಅಂದಕೂಡಲೆ ಇನ್ನೊಂದು ಕೆಲಸ ಹೇಳ್ತಾಳೆ," ಅಂದರು ಯಜಮಾನರು.

ಕುರ್ಚಿಯಲ್ಲಿ ಕೂತು ಮಂಡಿ ನೆಟ್ಟಗೆ ಮಾಡುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ರಬ್ಬರಿನ ಪಟ್ಟಿ ಹಿಡಿದು ಎಳೆಯುವುದು, ಎಲ್ಲ ತೋರಿಸಿಕೊಟ್ಟಳು. ಪಾದದ ಗಂಟಿಗೆ ಕಟ್ಟುವ ಮರಳಿನ ಚೀಲಗಳನ್ನು ಹೊಲಿಯುವ ಕೆಲಸ ಟೀಚರಿಗೆ ಬಂತು. ಹಳೇ ಪರದೆಯ ದಪ್ಪ ಬಟ್ಟೆಯಲ್ಲಿ ಚಿಕ್ಕದು, ಅದಕ್ಕಿಂತ ದೊಡ್ಡದು ಎಂದು ಜೋಡಿ ಜೋಡಿಯಾಗಿ ಹೊಲಿದುಕೊಟ್ಟರು.

ಚಿಕ್ಕ ಜೋಡಿ ಕಟ್ಟಿದಾಗ ಏನೂ ತೊಂದರೆಯಿರಲಿಲ್ಲ. ಎರಡನೇ ಜೋಡಿ ಕಟ್ಟಿದ ದಿನ ಯಜಮಾನರ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಗಂಟಲಿನಿಂದ ಒಂದು ನರಳಿಕೆ ಬಂತು. ಟೀಚರು ಜ್ವರದ ದಿನಗಳಲ್ಲಿ ಕೇಳಿದ್ದ ನರಳಿಕೆ ಅದೇ. "ಸಾಕು ಬಿಡ್ರೀ, ನಾಳೆ ಮಾಡಿದರಾಯ್ತು," ಅಂದರು. "ಸುಮ್ಮನಿರೇ, ಆ ಹುಡುಗಿ ಹೇಳಿದ್ದಾಳೆ," ಎಂದು ಅವರು ಮತ್ತೆ ಎತ್ತಿದರು, ಮತ್ತೆ ನರಳಿದರು.

ಮಧ್ಯಾಹ್ನ ಅವರು ಮಲಗಿದಾಗ ಟೀಚರು ಮಹಡಿಗೆ ಹೋಗಿ ಒಂದು ಡಬ್ಬಿ ತುಂಬ ಮರದ ಹೊಟ್ಟು ತಂದರು. ಚಿಕ್ಕ ಜೋಡಿ ಬಿಟ್ಟು ಉಳಿದ ಚೀಲಗಳ ಹೊಲಿಗೆ ಬಿಚ್ಚಿ, ಮರಳು ತೆಗೆದು, ಒಳಗೆ ಹೊಟ್ಟು ತುಂಬಿ, ಸುತ್ತಲೂ ತೆಳ್ಳಗೆ ಮರಳು ಹರಡಿ ಹೊಲಿದರು. ಒತ್ತಿದರೆ ಮರಳಿನ ಹಾಗೇ ಕರಕರ ಅನ್ನುತ್ತಿತ್ತು. ತಮ್ಮ ಕೈಚಳಕಕ್ಕೆ ತಾವೇ ಒಂದು ಕ್ಷಣ ಖುಷಿಪಟ್ಟರು. ಆ ಖುಷಿ ನೆನಪಾದಾಗಲೆಲ್ಲ ಆಮೇಲೆ ಅವರಿಗೆ ನಾಚಿಕೆಯಿಂದ ಮುಖ ಬಿಸಿಯಾಗುತ್ತಿತ್ತು.

ಯಜಮಾನರಿಗೆ ಬಗ್ಗಲು ಬರುತ್ತಿರಲಿಲ್ಲ. ಚೀಲ ಕಟ್ಟುವವರೂ ಬಿಚ್ಚುವವರೂ ಟೀಚರೇ. ಹುಡುಗಿ ಅಪರೂಪಕ್ಕೊಮ್ಮೆ ಬಂದಾಗಲೂ, "ನೀನು ಕೂತ್ಕೋಮ್ಮಾ, ಈ ಗಂಟು ನನ್ನ ಕೈಗೇ ರೂಢಿ," ಎಂದು ಮುಂದಾಗುತ್ತಿದ್ದರು. ಅವಳು ಚೀಲವನ್ನು ಒತ್ತಿ ನೋಡಿ ತಲೆಯಾಡಿಸುವಳು. ಆಮೇಲೆ ಅಜ್ಜನ ತೊಡೆ ಮುಟ್ಟಿ, "ಭಾರ ಏರ್ತಾ ಇದೆ, ತೊಡೆ ಮಾತ್ರ ಹಾಗೇ ಇದೆಯಲ್ಲ. ಸರಿಯಾಗಿ ಊಟ ಮಾಡ್ತೀರಾ ಅಜ್ಜಾ?" ಅನ್ನುವಳು. ಮುಂದಿನ ಸಲ ಬರುವಾಗ ಒಂದು ಪೊಟ್ಟಣ ಹುರಿದ ಕಡಲೆಬೀಜವನ್ನೂ ತಂದುಕೊಟ್ಟಳು. ಆ ಪೊಟ್ಟಣ ಕೈಗೆ ತೆಗೆದುಕೊಳ್ಳುವಾಗ ಟೀಚರು ಅವಳ ಕಣ್ಣು ತಪ್ಪಿಸಿದರು.

ಇತ್ತ ಯಜಮಾನರ ಉತ್ಸಾಹ ಹೇಳತೀರದು. ದೊಡ್ಡ ಚೀಲ, ಇನ್ನೂ ದೊಡ್ಡ ಚೀಲ, ಎಲ್ಲ ಸಲೀಸಾಗಿ ಮೇಲೇಳುತ್ತಿದ್ದವು.

"ಅಪ್ಪ ಪೈಲ್ವಾನ್ ಆಗ್ಬಿಟ್ರಾ?" ಮಗಳು ಫೋನಿನಲ್ಲಿ ನಗುತ್ತಿದ್ದಳು.

"ನಿಮ್ಮಮ್ಮನಿಗೆ ಈಗ ನನ್ನ ಕಂಡರೆ ಭಯ. ಮೊದಲಿನ ಹಾಗೆ ಗದರಲ್ಲ," ಅನ್ನುತ್ತಿದ್ದರು.

ಎಷ್ಟೋ ಸಲ ಟೀಚರು ಹೇಳಿಬಿಡೋಣ ಅಂದುಕೊಂಡರು. ಅವರ ಮುಖದ ಗೆಲುವು ನೋಡಿ ಹೇಳಲು ನಾಲಿಗೆ ಏಳಲಿಲ್ಲ. ಕೊನೆಗೆ, ಹೇಗೂ ಕಾಲು ಆಡ್ತಾ ಇದೆಯಲ್ಲ, ಅಷ್ಟಾದರೂ ಒಳ್ಳೆಯದೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಒಂದು ಬೆಳಿಗ್ಗೆ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

"ಎಲ್ಲಿಗೆ ಹೊರಟ್ರಿ?"

"ಕೆಲಸಕ್ಕೆ."

ತಡೆಯುವಷ್ಟರಲ್ಲಿ ಹತ್ತತೊಡಗಿದರು. ಮೊದಲ ಕೆಲವು ಮೆಟ್ಟಿಲು ಕಂಬಿ ಹಿಡಿದು ಹೇಗೋ ಆಯಿತು. ತಿರುವಿನ ಹತ್ತಿರ ಮಂಡಿ ಗಡಗಡ ನಡುಗಿ, ಹಿಂದೆಯೇ ಇದ್ದ ಟೀಚರ ತೋಳಿನ ಮೇಲೆ ಕುಸಿದು ಕೂತರು. ಪಕ್ಕದ ಮನೆಯಾತ ಓಡಿಬಂದು, ಒಂದೊಂದೇ ಮೆಟ್ಟಿಲ ಮೇಲೆ ಕೂರಿಸಿ, ಜಾರಿಸಿ ಕೆಳಗಿಳಿಸಿದ. ಅವರಿಗೆ ಮುಜುಗರವಾಗದಿರಲಿ ಎಂದು ಆತ ಉದ್ದಕ್ಕೂ ನೀರಿನ ಪೈಪು ಸೋರುವ ವಿಷಯವನ್ನೇ ಮಾತಾಡಿದ. ಗಾಯವೇನೂ ಆಗಿರಲಿಲ್ಲ.

ಆದರೆ ಆ ದಿನ ಯಜಮಾನರು ಚೀಲ ಕಟ್ಟಿಸಿಕೊಳ್ಳಲಿಲ್ಲ.

"ಬೇಡ ಬಿಡೇ. ಇಷ್ಟು ಭಾರ ಎತ್ತಿದ ಕಾಲಿಗೇ ಆಗಲಿಲ್ಲ ಅಂದ ಮೇಲೆ ಇನ್ನೇನು ಮಾಡಿದರೂ ಅಷ್ಟೇ. ಆ ಹುಡುಗಿ ಪಾಪ, ಸಮಾಧಾನಕ್ಕೆ ಹೇಳಿದ್ದು. ನನ್ನದು ಮುಗೀತು."

ಬೈದಿದ್ದರೆ ಟೀಚರು ತಡೆದುಕೊಳ್ಳುತ್ತಿದ್ದರೇನೋ. ಯಜಮಾನರು ತಮ್ಮ ತೊಡೆಯನ್ನು, ಮುರಿದ ಚೌಕಟ್ಟು ನೋಡುವ ಹಾಗೆ, ಇದು ರಿಪೇರಿಗೆ ಬರಲ್ಲ ಅನ್ನುವ ಹಾಗೆ ನೋಡುತ್ತಿದ್ದರು.

ಮಾರನೇ ದಿನವೇ ಯಜಮಾನರು, ತಮ್ಮ ಹತ್ತಿರ ಕೆಲಸ ಕಲಿತು ಈಗ ಸ್ವಂತ ಅಂಗಡಿ ಇಟ್ಟಿರುವ ಶಿಷ್ಯನಿಗೆ ಫೋನ್ ಮಾಡಿ, ಭಾನುವಾರ ಬಂದು ಸಾಮಾನೆಲ್ಲ ತೆಗೆದುಕೊಂಡು ಹೋಗು ಅಂದರು. ಅಲ್ಲಿಂದ ಭಾನುವಾರದವರೆಗೆ ಟೀಚರು ಒಂದನ್ನೇ ಯೋಚಿಸಿದರು. ಹೇಳಿದರೆ ಅವರು ಎತ್ತಿದ್ದೆಲ್ಲ ಸುಳ್ಳಾಗುತ್ತದೆ. ಹೇಳದಿದ್ದರೆ ಅವರು ಸೋತದ್ದೇ ನಿಜವಾಗಿ ಉಳಿಯುತ್ತದೆ.

ಶಿಷ್ಯ ನಡುವಯಸ್ಸಿನವ, ಮೆತ್ತಗಿನ ಮನುಷ್ಯ. "ಇನ್ನೊಂದು ಸ್ವಲ್ಪ ದಿನ ನೋಡೋಣ ಗುರುಗಳೇ," ಎಂದು ಬಾಗಿಲಲ್ಲೇ ಅಂದ. ಯಜಮಾನರು ಕೈಯಾಡಿಸಿ ಮೇಲೆ ಹೋಗು ಅಂದರು. ಅವನು ಮೊದಲು ಉಳಿಗಳ ಪೆಟ್ಟಿಗೆ ಇಳಿಸಿದ. ಆಮೇಲೆ ಗರಗಸ. ಗಾಜು ಕೊಯ್ಯುವ ವಜ್ರದ ಮೊಳೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದಾಗ ಯಜಮಾನರು ಅದನ್ನು ಈಸಿಕೊಂಡು, ಅಂಗಿಯ ತುದಿಯಿಂದ ಒರೆಸಿ, ವಾಪಸು ಕೊಟ್ಟರು.

ಟೀಚರು ಎದ್ದು ಒಳಗೆ ಹೋದರು. ದೊಡ್ಡ ಚೀಲವನ್ನೂ ಕತ್ತರಿಯನ್ನೂ ತಂದು ಗಂಡನ ಎದುರು ನೆಲದ ಮೇಲೆ ಕೂತರು.

"ಏನೇ ಅದು?"

"ನೋಡ್ರೀ."

ಹೊಲಿಗೆ ಕತ್ತರಿಸಿದರು. ಮೊದಲು ಒಂದು ಹಿಡಿ ಮರಳು ಬಿತ್ತು. ಅದರ ಹಿಂದೆಯೇ ಹೊಂಬಣ್ಣದ ಹೊಟ್ಟು ಸುರಿದು ನೆಲವೆಲ್ಲ ಹರಡಿತು. ಶಿಷ್ಯ ವಜ್ರದ ಮೊಳೆ ಹಿಡಿದುಕೊಂಡೇ ನಿಂತುಬಿಟ್ಟ.

ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಇಲ್ಲಿ ಕೊಡು," ಎಂದು ಒಂದು ಚಿಟಿಕೆ ಈಸಿಕೊಂಡು ಮೂಸಿದರು.

"ತೇಗ. ನನ್ನ ಕೋಣೆಯದೇ."

"ಹೂಂ."

"ಎಲ್ಲಾ ಚೀಲದಲ್ಲೂ?"

"ಚಿಕ್ಕ ಜೋಡಿ ಬಿಟ್ಟು ಎಲ್ಲಾದರಲ್ಲೂ." ಟೀಚರು ಕತ್ತರಿ ಕೆಳಗಿಟ್ಟರು. "ನೀವು ನರಳೋದು ಕೇಳಕ್ಕಾಗಲಿಲ್ಲ. ನಿಮ್ಮ ಕಾಲಿಗೆ ಏನೂ ಆಗಿಲ್ಲಾರೀ. ಅದು ಭಾರ ಎತ್ತೇ ಇಲ್ಲ. ನಾನು ಎತ್ತಕ್ಕೆ ಬಿಡಲಿಲ್ಲ."

"ಮಗಳ ಹತ್ರ ಪೈಲ್ವಾನ್ ಅನ್ನಿಸ್ಕೊಂಡೆನಲ್ಲೇ ನಾನು. ನೀನು ಪಕ್ಕದಲ್ಲೇ ಕೂತು ಕೇಳ್ತಿದ್ದೆ."

ಟೀಚರು ತಲೆ ತಗ್ಗಿಸಿದರು.

"ನೋವಾದದ್ದು ನನಗೆ. ಅದನ್ನ ನೋಡೋ ಸಂಕಟ ತಪ್ಪಲಿ ಅಂತ ನನ್ನ ಕಾಲನ್ನೇ ತಿಂದುಬಿಟ್ಟೆಯಲ್ಲ," ಅಂದರು ಯಜಮಾನರು. ದನಿ ಏರಿಸಲಿಲ್ಲ. ಶಿಷ್ಯ ಯಾರೂ ಹೇಳದೆ ಪೊರಕೆ ಹುಡುಕಿ ತಂದು ಹೊಟ್ಟು ಗುಡಿಸತೊಡಗಿದ.

"ಅದು ಆಮೇಲೆ. ಮೊದಲು ಸಾಮಾನು ಮೇಲಿಟ್ಟು ಬಾ," ಅಂದರು ಯಜಮಾನರು ಅವನಿಗೆ. "ಉಳಿಗೆ ಎಣ್ಣೆ ಸವರಿ ಇಡು. ಎಷ್ಟು ದಿನ ಆಗುತ್ತೋ ಏನೋ."

ಹುಡುಗಿಗೆ ಫೋನ್ ಮಾಡಿ ಟೀಚರೇ ಎಲ್ಲ ಹೇಳಿದರು. ಅವಳು, "ಸದ್ಯ, ಅಜ್ಜನಿಗೆ ಇನ್ನೇನೋ ಕಾಯಿಲೆ ಇದೆ ಅಂತ ಹೆದರಿದ್ದೆ ಟೀಚರ್. ನಾಳೆ ಬರ್ತೀನಿ," ಅಂದಳು. ಬೈಸಿಕೊಳ್ಳಲು ಗಟ್ಟಿಮನಸ್ಸು ಮಾಡಿ ನಿಂತಿದ್ದ ಟೀಚರಿಗೆ ಫೋನ್ ಇಟ್ಟ ಮೇಲೆ ಅಳು ಬಂತು.

ಅವಳೇ ಮರಳು ಅಳೆದು ಹಾಕಿ, ಚಿಕ್ಕ ಜೋಡಿಗಿಂತ ಒಂಚೂರು ಭಾರದ ಚೀಲದಿಂದ ಶುರು ಮಾಡಿಸಿದಳು. ಬೆಳಿಗ್ಗೆ ಬೆಳಿಗ್ಗೆ ಅದನ್ನು ಕಟ್ಟಿಹೋಗುವ ಕೆಲಸ ಪಕ್ಕದ ಮನೆಯಾತನದು. ಯಜಮಾನರು ಹೆಂಡತಿಯೊಡನೆ ಊಟ ತಿಂಡಿಗೆ ಬೇಕಾದಷ್ಟೇ ಮಾತಾಡುತ್ತಿದ್ದರು. ವ್ಯಾಯಾಮದ ಹೊತ್ತಿಗೆ, "ನೀನು ಆಚೆ ಹೋಗು. ಬಾಗಿಲು ಹಾಕ್ಕೋ," ಅನ್ನುವರು.

ಟೀಚರು ಅಡುಗೆಮನೆಗೆ ಹೋಗುವರು. ಮುಚ್ಚಿದ ಬಾಗಿಲ ಒಳಗಿಂದ ನರಳಿಕೆ ಬರುವುದು. ಪಾತ್ರೆ ಸದ್ದು ಮಾಡಿ ಮರೆಯೋಣವೆಂದರೆ, ಕೇಳಬೇಕಾದ್ದನ್ನು ಕೇಳಲೇಬೇಕು ಎನ್ನಿಸಿ ನಲ್ಲಿ ನಿಲ್ಲಿಸುವರು. ಹೀಗೇ ಕೆಲವು ವಾರ ನಡೆಯಿತು. ಒಂದು ದಿನ ಮಾಮೂಲಿಗಿಂತ ಜೋರಾಗಿ ಕೇಳಿಸಿತು. ಟೀಚರಿಗೆ ತಡೆಯಲಾಗಲಿಲ್ಲ. ಹೋಗಿ ಚಿಲಕದ ಮೇಲೆ ಕೈಯಿಟ್ಟರು. ತೆಗೆಯಲಿಲ್ಲ.

"ಬಾಗಿಲ ಹತ್ರ ನಿಂತಿದ್ದೀಯಾ?" ಒಳಗಿಂದ ಏದುಸಿರಿನ ದನಿ.

ಇಲ್ಲ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ಹೂಂ. ನಿಂತಿದ್ದೀನಿ," ಅಂದರು.

"ತೊಡೆ ಸುಡ್ತಾ ಇದೆ ಕಣೇ. ಉರೀತಾ ಇದೆ."

"ಬರಲಾ?"

"ಬರಬೇಡ," ಅಂದರು ಯಜಮಾನರು. ಉಸಿರು ಎಳೆದುಕೊಂಡ ಸದ್ದಾಯಿತು. "ಅಲ್ಲೇ ನಿಂತಿರು. ಇನ್ನೂ ಒಂದು ಸಲ ಇದೆ."

ಟೀಚರು ಚಿಲಕದಿಂದ ಕೈ ತೆಗೆದು, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ನಿಂತರು.