ಸಾರಳ ಗುಡಾರಕ್ಕೆ ಹೋದ ಬೀಸುವ ಕಲ್ಲು

ನಾನೊಂದು ಬೀಸುವ ಕಲ್ಲು. ಗದಗದ ಹತ್ತಿರದ ಕಲ್ಲುಗಣಿಯಲ್ಲಿ ದುರ್ಗವ್ವ ಎಂಬಾಕೆ ಮೂರು ದಿನ ಉಳಿ ಹಿಡಿದು ನನ್ನನ್ನು ಕಡೆದಳು. ಸಂತೆಗೆ ಹೋದ ಮೊದಲ ದಿನವೇ ರಾಹೇಲವ್ವನ ಮನೆ ಸೇರಿದೆ. ಆಗಿನ್ನೂ ಆಕೆ ಹೊಸ ಮದುವಣಗಿತ್ತಿ. ದಿನಾ ಬೆಳಗ್ಗೆ ಕಾಲು ಚಾಚಿ ಕೂತು, ಚರ್ಚಿನ ಹಾಡು ಗುನುಗುತ್ತ ಜೋಳ ಬೀಸುವಳು. ಹಾಡು ಏರಿದರೆ ನನಗೂ ವೇಗ ಬರುತ್ತಿತ್ತು.

ಊರಿಗೆ ಹಿಟ್ಟಿನ ಗಿರಣಿ ಬಂತು. ನಾನು ಹಿತ್ತಲಿಗೆ ಹೋದೆ. ಕೋಳಿಗಳಿಗೆ ನಾನೇ ಕಟ್ಟೆಯಾದೆ. ಸೊಸೆ ಪ್ರಿಸಿಲ್ಲಾ ನನ್ನನ್ನು ಕಂಡಾಗಲೆಲ್ಲ, "ಬೈಬಲ್ ಕಾಲದ ಕಲ್ಲು!" ಎಂದು ನಗುತ್ತಿದ್ದಳು.

ಪ್ರಿಸಿಲ್ಲಾ ಸಂಡೇ ಸ್ಕೂಲ್ ಟೀಚರು. ಒಂದು ವರ್ಷ ಚರ್ಚಿನ ಹಾಲಿನಲ್ಲಿ 'ಬೈಬಲ್ ಕಾಲದ ಬದುಕು' ಎಂಬ ಪ್ರದರ್ಶನ ಇಟ್ಟಳು. ನನ್ನನ್ನು ತೊಳೆದು, ಅಬ್ರಹಾಮ ಮತ್ತು ಆತನ ಹೆಂಡತಿ ಸಾರಳದೆಂದು ಕಟ್ಟಿದ ಗುಡಾರದಲ್ಲಿ ಕೂರಿಸಿ, 'ಸಾರಳ ಬೀಸುವ ಕಲ್ಲು' ಎಂದು ಚೀಟಿ ಅಂಟಿಸಿದಳು. ಪಕ್ಕದಲ್ಲೇ ಮೋಶೆಯ ಕೋಲು, ರೋಮನ್ ಸಿಪಾಯಿಯ ಶಿರಸ್ತ್ರಾಣ. ನಾನು ಹಿಗ್ಗಿಹೋದೆ.

ರಾಹೇಲವ್ವ ಬಂದು ಚೀಟಿ ಓದಿದಳು. ಹುಬ್ಬೇರಿಸಿ ಇನ್ನೊಮ್ಮೆ ಓದಿದಳು. ಇಷ್ಟು ಜನರೆದುರು ಸೊಸೆಯ ತಪ್ಪು ಎತ್ತಿ ಆಡುವುದು ಹೇಗೆ? ಆದರೆ ಪ್ರಿಸಿಲ್ಲಾ ಅದನ್ನು ಗಮನಿಸಿದ್ದಳು.

"ಯಾಕ್ರೀ ಅತ್ತಿ, ಏನಾತು?"

"ಸಾರವ್ವಗ ಈ ಕಲ್ಲು ಎಲ್ಲೀದವಾ? ಆಕಿ ಕಾಲದಾಗ ಚಪ್ಪಟಿ ಕಲ್ಲಿನ ಮ್ಯಾಲೆ ಕಾಳು ಹಾಕಿ ತಿಕ್ಕತಿದ್ರು. ನನ್ನ ಬೈಬಲ್ಲಿನ ಹಿಂದ ಚಿತ್ರ ಐತಿ. ತಿರುಗೋ ಕಲ್ಲು ಯೇಸುಸ್ವಾಮಿ ಕಾಲಕ್ಕಿತ್ತು."

"ಎರಡೂ ಬೈಬಲ್ ಕಾಲನ ಅಲ್ಲೇನ್ರಿ?"

"ಹೌದವಾ. ನಡುವ ಎರಡು ಸಾವಿರ ವರ್ಷ!"

ಪ್ರಿಸಿಲ್ಲಾಳ ಮುಖ ಕೆಂಪೇರಿತು. ಮರುಕ್ಷಣ ಆಕೆ ಚೀಟಿ ಕಿತ್ತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾರವ್ವನ ಮನಿ ಬಾಗಿಲಿಗೆ ರೋಮನ್ ಸಿಪಾಯಿನ್ನ ನಿಲ್ಲಿಸೀನಲ್ಲ! ಎತ್ರಿ ಎಲ್ಲಾನೂ!"

ಗೋಡೆಯುದ್ದಕ್ಕೂ ಹಗ್ಗ ಹಾಸಿದರು. ಒಂದು ಹೆಜ್ಜೆಗೆ ನೂರು ವರ್ಷ. ಗುಡಾರ ಆ ತುದಿಯಲ್ಲಿ ಉಳಿಯಿತು, ಕೋಲು ನಡುವೆ ನಿಂತಿತು, ಶಿರಸ್ತ್ರಾಣದ ಜೊತೆ ನಾನು ಇಪ್ಪತ್ತನೆಯ ಹೆಜ್ಜೆಗೆ ಬಂದೆ.

"ಬರ್ರಿ ಅತ್ತಿ, ಕೂಡಿ ಬೀಸೂಣು," ಎಂದು ಪ್ರಿಸಿಲ್ಲಾ ಸೆರಗು ಸಿಕ್ಕಿಸಿ ಎದುರು ಕೂತಳು. ಒಂದೇ ಗೂಟಕ್ಕೆ ಎರಡು ಕೈ. ರಾಹೇಲವ್ವ ಹಾಡು ಎತ್ತಿದಳು, ಸೊಸೆ ದನಿಗೂಡಿಸಿದಳು, ಹಿಟ್ಟು ಸುರಿಯಿತು. ನೋಡಲು ಬಂದವರೆಲ್ಲ ಸಾಲು ನಿಂತು ಒಂದೊಂದು ಸುತ್ತು ತಿರುಗಿಸಿದರು.

ಈಗ ನನ್ನ ಹಲ್ಲು ಸವೆದಿವೆ. ಆ ಹಾಲಿನ ಮೂಲೆಯೇ ಮನೆ. ನಾನು ಆ ಹಗ್ಗದ ಮೇಲಿನ ಯಾವ ಕಾಲದವನೂ ಅಲ್ಲ, ಗದಗದ ಕಲ್ಲು. ಆದರೂ ಯಾರಾದರೂ, "ಬೈಬಲ್ ಕಾಲದಾಗ..." ಎಂದು ಶುರು ಮಾಡಿದರೆ ಸಾಕು, ಮಕ್ಕಳು ಒಕ್ಕೊರಲಿನಿಂದ ಕೂಗುತ್ತಾರೆ: "ಎಷ್ಟನೇ ಹೆಜ್ಜಿರೀ?"