ಅಂಚಿನ ಬಿರುಕು

"ಮುಟ್ಟಬೇಡಿ ಎಫೆಂದಿ. ಕೈ ತೆಗೀರಿ."

ಉಸ್ತಾ ಕಾಮಿಲನ ದನಿ ಏರಿತು. ರವೂಫ್ ಎಫೆಂದಿ ಕೈಯನ್ನೇನೋ ಹಿಂದಕ್ಕೆ ತೆಗೆದುಕೊಂಡ, ನಗುವನ್ನು ತೆಗೆಯಲಿಲ್ಲ. ರೈಲ್ವೆಯಲ್ಲಿ ಮೂವತ್ತು ವರ್ಷ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತನಾದವನಿಗೆ ತಾಮ್ರದ ಹಂಡೆ ಬಡಿಯುವವನ ಗದರಿಕೆ ಒಂದು ತಮಾಷೆ.

"ಮುಟ್ಟಲ್ಲಪ್ಪ. ಪ್ಲೇಟಿನ ಬಿರುಕು ಎಲ್ಲಿವರೆಗೆ ಬಂದಿದೆ ಅಂತ ನೋಡ್ದೆ."

"ಅಂಚಿಂದ ಎರಡು ಬೆರಳು. ಒಳಗೇನೂ ಆಗಿಲ್ಲ."

ಬಾಗ್ದಾದಿನಲ್ಲಿ ಉಮ್ಮ್ ಫರೀದಳ ಮನೆಗೆ ಶುಕ್ರವಾರ ಬೆಳಿಗ್ಗೆ ಸೇರುತ್ತಿದ್ದವರು ಮೂವರು: ಕಾಮಿಲ್, ರವೂಫ್, ಔಷಧಿ ಅಂಗಡಿಯ ಯಾಹ್ಯಾ. ಗ್ರಾಮಫೋನು ಆಕೆಯ ಗಂಡನದು. ಅವನು ಸತ್ತ ಮೇಲೂ ಆಕೆ ಕೂಟ ನಿಲ್ಲಿಸಲಿಲ್ಲ. ಹೊಸದಾಗಿ ಯಾರಿಗೆ ಯಾವ ಪ್ಲೇಟು ಸಿಕ್ಕಿದರೂ ಅಲ್ಲಿಗೆ ತರಬೇಕು. ಮುಳ್ಳು ಇಡುವವಳು ಆಕೆ ಒಬ್ಬಳೇ.

ಆ ಕಾಲದ ಮಕಾಮ್ ಎಂಬ ರಾಗದ ಹಾಡಿನ ಪ್ಲೇಟುಗಳಲ್ಲಿ ಮೊದಲು ಕಂಪನಿಯವನೊಬ್ಬ ಹಾಡುಗಾರನ ಹೆಸರು ಕೂಗುತ್ತಾನೆ. ಕೂಟದಲ್ಲಿ ಆ ಕೂಗನ್ನು ಬಿಟ್ಟು, ಅದರಾಚೆ ಮುಳ್ಳು ಇಡುತ್ತಿದ್ದರು. ಹೆಸರಿನ ಚೀಟಿಯನ್ನೂ ಮುಚ್ಚುತ್ತಿದ್ದರು. ಬರೀ ಕಿವಿಯಿಂದ ಕೇಳಿ, ತಂದವನು ಮೊದಲು ಹೆಸರು ಹೇಳಬೇಕು, ಉಳಿದವರು ಆಮೇಲೆ. ಕೊನೆಗೆ ಮುಳ್ಳನ್ನು ಅಂಚಿಗೆ ತಂದರೆ ಆ ಕೂಗೇ ತೀರ್ಪು; ಅದನ್ನು ಯಾಹ್ಯಾ ಕೂಟದ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಎರಡು ಸಲ ತಪ್ಪು ಹೇಳಿದವನು ಬಂದು ಚಹಾ ಕುಡಿಯಬಹುದು, ಕೇಳಬಹುದು, ಆದರೆ ಮತ್ತೆಂದೂ ಪ್ಲೇಟು ತರುವಂತಿಲ್ಲ.

ಕಾಮಿಲ್ ಹೋದ ವರ್ಷ ಒಮ್ಮೆ ತಪ್ಪಿದ್ದ.

ಅಷ್ಟಾದರೂ ಈ ವಾರ ಕಾಫಿ ಅಂಗಡಿಯಲ್ಲೆಲ್ಲ ಸಾರಿಕೊಂಡು ಬಂದಿದ್ದ: ಮುಲ್ಲಾ ಇದ್ರೀಸರ ಪ್ಲೇಟು ಸಿಕ್ಕಿದೆ ಎಂದು. ಮುಲ್ಲಾ ಇದ್ರೀಸ್ ತಾಮ್ರದ ಪೇಟೆಯಲ್ಲೇ ಹುಟ್ಟಿ ಹಾಡಿ ಸತ್ತವರು. ಕಂಪನಿಯ ದನಿ ಹಿಡಿಯುವ ಕೊಳವೆಯ ಮುಂದೆ ಅವರು ಬಾಯಿ ತೆರೆಯಲೇ ಇಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಒಂದು ದಿನ ಹೋಗಿದ್ದರು, ನಾನೇ ಅವರ ಕೋಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ ಎಂದು ಕಾಮಿಲ್ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ. ಯಾರೂ ನಂಬಿರಲಿಲ್ಲ. ಈಗ ಗುಜರಿ ಅಂಗಡಿಯಲ್ಲಿ, ಟೈಗ್ರಿಸ್ ನೆರೆಯಲ್ಲಿ ನೆನೆದು ಚೀಟಿ ಕೊಳೆತುಹೋದ ಈ ಪ್ಲೇಟು ಸಿಕ್ಕಿತ್ತು. ಅಲ್ಲೇ ನಡುವಿನಿಂದ ನಾಲ್ಕು ಸಾಲು ಕೇಳಿದ್ದ, ಸಾಕಾಗಿತ್ತು. ಬಿರುಕು ಕಣ್ಣಿಗೆ ಬೀಳದೆ ಇರಲಿಲ್ಲ. ಆ ದನಿ ಕೇಳಿದ ಮೇಲೂ ಕೂಗು ಬೇಕು ಎನ್ನುವ ಕಿವುಡ ಇರುತ್ತಾನೆ ಎಂದು ಅವನಿಗೆ ಹೊಳೆಯಲಿಲ್ಲ. ತಪ್ಪಿದ್ದು ಅಲ್ಲೇ.

ಉಮ್ಮ್ ಫರೀದ್ ಹೊಸ ಮುಳ್ಳು ಹಾಕಿ ಕೀಲಿ ತಿರುಗಿಸಿದಳು. ಬಿರುಕು ಮುಗಿಯುವ ಜಾಗವನ್ನು ಉಗುರಿನಲ್ಲಿ ಹುಡುಕಿ, ಅದರಾಚೆ ಮುಳ್ಳು ಇಳಿಸಿದಳು. ಕರಕರ ಸದ್ದಿನೊಳಗಿಂದ ದನಿ ಎದ್ದಿತು. ಯಾಹ್ಯಾ ಬಾಯಿಗಿಟ್ಟ ಖರ್ಜೂರದ ಬಿಸ್ಕತ್ತು ಕ್ಲೇಚಾವನ್ನು ಅಗಿಯಲಿಲ್ಲ. ರವೂಫ್ ಎಫೆಂದಿಯ ಮಣಿಸರ ಬೆರಳಲ್ಲಿ ನಿಂತುಬಿಟ್ಟಿತು. ಕಾಮಿಲ್ ಅದನ್ನು ನೋಡಿದ.

ಹಾಡು ಮುಗಿಯಿತು.

"ಮುಲ್ಲಾ ಇದ್ರೀಸ್," ಎಂದ ಕಾಮಿಲ್.

"ಚೆನ್ನಾಗಿದೆ," ಎಂದ ರವೂಫ್. ಗಂಟಲು ಸರಿಮಾಡಿಕೊಂಡ. "ತುಂಬ ಚೆನ್ನಾಗಿದೆ. ಆದ್ರೆ ಇದು ಅವರ ಶಿಷ್ಯ ಸಾಲಿಹ್. ಗುರುಗಳ ಕೆಮ್ಮನ್ನೂ ಬಿಡ್ದೆ ಕಲಿತವನು ಅವನು."

"ಸಾಲಿಹ್‌ಗೆ ಈ ಉಸಿರೆಲ್ಲಿತ್ತು? ಅವನು ಸಾಲು ಮುಗಿಯೋದ್ರೊಳಗೆ ಮೂರು ಸಲ ಏದುಸಿರು ಬಿಡ್ತಿದ್ದ."

"ಉಸ್ತಾ, ಬೇಜಾರಾಗ್ಬೇಡ. ದಿನಾ ತಾಮ್ರ ಬಡಿದು ಬಡಿದು ನಿನ್ನ ಕಿವಿ ಏನಾಗಿದೆಯೋ ಯಾರಿಗೆ ಗೊತ್ತು. ಹೋದ ಸಲಾನೂ ಹೀಗೇ ಎದೆ ತಟ್ಕೊಂಡು ಹೇಳಿದ್ದೆ."

ಕಾಮಿಲ್ ಎದ್ದು ನಿಂತ. "ಯಾಹ್ಯಾ, ನೀನು ಹೇಳು."

ಯಾಹ್ಯಾ ಕ್ಲೇಚಾ ನುಂಗಿದ. "ನಾನು ಮುಲ್ಲಾರನ್ನ ಕೇಳಿಲ್ವಲ್ಲ ಉಸ್ತಾ. ಕೂಗು ಕೇಳೋಣ. ಆಮೇಲೆ ಮಾತೇ ಇಲ್ಲ."

"ಅದೇ ನಿಯಮ," ಎಂದ ರವೂಫ್. "ಅಂಚಿಂದ ಹಾಕಿ ಉಮ್ಮ್ ಫರೀದ್."

ಆಕೆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ತುಸುವೇ ಬಾಗಿಸಿದಳು. ಬಿರುಕಿನ ತುಟಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತು.

"ಕಾಮಿಲ್, ಇಲ್ಲಿ ನೋಡು. ಮುಳ್ಳು ಇದಕ್ಕೆ ಸಿಕ್ಕಿದ್ರೆ ನಡುಮಧ್ಯದವರೆಗೂ ಸೀಳತ್ತೆ. ಕೂಗು ಕೇಳ್ಸಬಹುದು. ಆಮೇಲೆ ಹಾಡು ಇರಲ್ಲ."

"ಖಂಡಿತ ಸೀಳತ್ತಾ?"

"ಹತ್ತರಲ್ಲಿ ಎಂಟು ಸಲ ಸೀಳಿದ್ದು ನೋಡಿದೀನಿ. ಪ್ಲೇಟು ನಿಂದು. ನೀನು ಹೇಳಿದ್ರೆ ಇಡ್ತೀನಿ."

ಆಕೆ ಪ್ಲೇಟನ್ನು ಮತ್ತೆ ಕೂರಿಸಿ ಕೀಲಿ ಕೊಟ್ಟಳು. ಪ್ಲೇಟು ತಿರುಗತೊಡಗಿತು. ಮುಳ್ಳು ಅಂಚಿನ ಮೇಲೆ ಒಂದು ಬೆರಳೆತ್ತರದಲ್ಲಿ ನಿಂತಿತು.

ಕಾಮಿಲ್ ಮುಳ್ಳನ್ನೇ ನೋಡಿದ. ಒಂದೇ ಒಂದು ಕೂಗು. ಇಪ್ಪತ್ತು ವರ್ಷ ಸುಳ್ಳುಗಾರ ಎನಿಸಿಕೊಂಡದ್ದು ಒಂದೇ ಉಸಿರಿಗೆ ಅಳಿಸಿಹೋಗುತ್ತದೆ. ಈ ಎಫೆಂದಿ ತಲೆ ತಗ್ಗಿಸುತ್ತಾನೆ. ಇಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದೂಬಿಟ್ಟಿತ್ತು. ಬಿರುಕು ಒಂದು ಸುತ್ತು ಬಂತು, ಮತ್ತೊಂದು ಸುತ್ತು ಬಂತು.

"ಏನು ಉಸ್ತಾ, ಹೆದರಿಕೆನಾ?" ಎಂದ ರವೂಫ್.

ಕಾಮಿಲ್ ಒರಟು ಅಂಗೈಯನ್ನು ಮುಳ್ಳಿನ ಕೆಳಗೆ ಒಡ್ಡಿದ. ಉಮ್ಮ್ ಫರೀದ್ ಬೆಚ್ಚಿ ಕೈ ಎತ್ತಿದಳು.

"ಬೇಡ. ನಿಲ್ಸಿ."

"ಹಾಗಾದ್ರೆ ಯಾಹ್ಯಾ ಏನಂತ ಬರೀಬೇಕು?" ಎಂದಳು ಆಕೆ.

"ಹೆಸರು ಗೊತ್ತಿಲ್ಲ ಅಂತ ಬರೀಲಿ. ಕಾಮಿಲ್ ಎರಡನೇ ಸಲ ತಪ್ಪಿದ ಅಂತಾನೂ ಬರೀಲಿ. ಮುಲ್ಲಾರ ಗಂಟಲು ಸೀಳಿ ನಾನು ಗೆಲ್ಲೋದು ಬೇಡ."

ಯಾಹ್ಯಾ ಪುಸ್ತಕ ತೆರೆದು, ತಲೆ ಎತ್ತದೆ ಬರೆದ. ಕಾಮಿಲ್ ಪ್ಲೇಟನ್ನು ಹೆಂಡತಿಯ ಹಳೇ ಶಾಲಿನಲ್ಲಿ ಎರಡು ಸುತ್ತು ಸುತ್ತಿದ. ಗಂಟು ಸರಿಯಾಗಿ ಬೀಳಲಿಲ್ಲ. ಉಮ್ಮ್ ಫರೀದ್ ಬಂದು ಗಂಟು ಹಾಕಿಕೊಟ್ಟಳು.

"ಶುಕ್ರವಾರ ಬರ್ತೀಯಲ್ಲ?"

"ಬರ್ತೀನಿ. ಕೇಳೋಕೆ ಅಡ್ಡಿ ಇಲ್ಲವಲ್ಲ."

ಹೊಸ್ತಿಲು ದಾಟುವಾಗ ಹಿಂದಿನಿಂದ ರವೂಫ್ ಎಫೆಂದಿ ಕೆಮ್ಮಿದ.

"ಉಸ್ತಾ. ಹೋಗೋ ಮುಂಚೆ ಇನ್ನೊಂದು ಸಲ ಹಾಕ್ಸೋದಾ? ನಡುವಿಂದಲೇ. ಆ ಎರಡನೇ ಸಾಲು."

ಕಾಮಿಲ್ ತಿರುಗಿ ಅವನ ಮುಖ ನೋಡಿದ.

"ಯಾಕೆ ಎಫೆಂದಿ? ಸಾಲಿಹ್ ಪ್ಲೇಟುಗಳು ನಿಮ್ಮನೇಲೇ ಬೇಕಾದಷ್ಟಿವೆ. ಹೋಗಿ ಅವನ್ನ ಕೇಳಿ."

ಕಾಮಿಲ್ ಪ್ಲೇಟನ್ನು ಎದೆಗವಚಿಕೊಂಡು, ಗಲ್ಲಿಯ ಗೋಡೆಗೆ ತಾಗದಂತೆ ಮಗ್ಗುಲು ತಿರುಗಿ ನಡೆದ.