ಮರಳಿನ ಬೋಗುಣಿ

"ಬಿಡಪಾ ಅದನ್ನ! ಬಿಡು ಅಂದ್ರ ಬಿಡು!"

ಹೊನ್ನೂರಮ್ಮ ಬೋಗುಣಿಯ ಒಂದು ಕಿವಿ ಹಿಡಿದು ಎಳೆದಳು. ಇನ್ನೊಂದು ಕಿವಿ ರಾಮಾಂಜಿನಿಯ ಕೈಯಲ್ಲಿತ್ತು. ಓಣಿಯ ಮೂಲೆಯಲ್ಲಿ ಕಸದ ಗಾಡಿ ಹಾಡು ಹಚ್ಚಿಕೊಂಡು ನಿಂತಿತ್ತು. ಎಳೆದಾಟದಲ್ಲಿ ಒಂದು ಹಿಡಿ ಕರಿ ಮರಳು ಹೊಸ್ತಿಲ ಮುಂದೆ ಚೆಲ್ಲಿತು.

"ನನಗ್ಯಾಕ ಬೈತಿ ಅಕ್ಕಾ? ರಾಘಣ್ಣಾರು ಒಗೀ ಅಂದ್ರು, ಒಗ್ಯಾಕ ಹೊಂಟೀನಿ," ಅಂದ ರಾಮಾಂಜಿನಿ. ಚಟ್ಟಕ್ಕೆ ಬಿದಿರು ತಂದುಕೊಟ್ಟ ಆಟೋದವನು, ಪಾಪ, ಅವನದೇನು ತಪ್ಪು. ಬೋಗುಣಿ ಬಿಟ್ಟುಕೊಟ್ಟ.

ನಡುಮನೆಯಲ್ಲಿ ವಿಜಯಾಬಾಯಿ ಮಲಗಿದ್ದರು. ಬಾಯಲ್ಲಿ ತುಳಸಿ, ತಲೆಯ ಹತ್ತಿರ ದೀಪ. ಸತ್ಯನಾರಾಯಣಪೇಟೆಯ ಆ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷವಾಗಿತ್ತು, ವಿಧವೆಯಾಗಿ ಹತ್ತು. ಕುರ್ಚಿಯ ಮೇಲೆ ಅವರ ಭಾವ, ಗಂಡನ ಅಣ್ಣ ರಾಘಣ್ಣನವರು ಕೂತು ಒಂದೊಂದಾಗಿ ಅಪ್ಪಣೆ ಕೊಡುತ್ತಿದ್ದರು. ಎಂಬತ್ತು ದಾಟಿದ್ದರೂ ದನಿ ಗಟ್ಟಿಯಿತ್ತು.

"ಮನ್ಯಾಗ ಬೇಯಿಸಿದ್ದೇನೂ ಇರಬಾರದು. ಅನ್ನ, ಸಾರು, ಹಿತ್ತಲದಾಗಿನ ಆ ಕೇಕು, ಎಲ್ಲಾ ಹೊರಗ. ಬೋಗುಣಿನೂ ಹೋಗ್ಲಿ."

"ಅನ್ನ ಸಾರು ಸರಿ ಮಾವಾರ, ಬೋಗುಣಿ ಯಾಕ?" ಅಂದಳು ಸೊಸೆ ಸುಪ್ರಜಾ. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ಅದು ಮೊದಲಿಂದ ಮೈಲಿಗೀದು ಅದ. ಅದರಾಗ ಏನೇನು ಬಿದ್ದದೋ ಯಾರಿಗೆ ಗೊತ್ತು."

ಗೋಡೆಗೊರಗಿ ಕೂತಿದ್ದ ಬಂಧುಬಳಗದ ಹೆಂಗಸರು ಸೆರಗಿನಿಂದ ಮೂಗೊರೆಸಿಕೊಂಡರು.

"ಏನು ಕೈರುಚಿ ಅಂತೀರಿ ವಿಜಯಾಂದು! ಸೇಬಿನ ಕೇಕು ಮಾಡಿದ್ಲಂದ್ರ ಮೂರು ಮನಿ ತನಕ ಘಮಾ ಅಂತಿತ್ತು."

"ನೀವು ತಿಂದಿದ್ರೇನು?"

"ಅಯ್ಯ, ನಾ ಎಲ್ಲಿಂದ ತಿನ್ನಲಿ! ತತ್ತಿ ಹಾಕ್ತಿದ್ಲಂತಲ್ಲ."

ಕಿಟಕಿಯ ಹೊರಗೆ ಬೋಗುಣಿ ತಬ್ಬಿ ನಿಂತಿದ್ದ ಹೊನ್ನೂರಮ್ಮನ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಈ ಮನೆಯ ಕಸಮುಸುರೆ ಮಾಡಿದವಳು ಅವಳು. ಸತ್ತವರ ಮುಂದೆಯೇ ಸತ್ತವರ ಮೇಲೆ ಸುಳ್ಳು ಹೇಳುವ ಈ ಬಾಯಿಗಳಿಗೆ ಹಿಡಿ ಮರಳು ತುಂಬಬೇಕು ಅನ್ನಿಸಿತು. ಆದರೆ ಅವಳ ಬಾಯಿಗೆ ಆಣೆಯ ಬೀಗ ಬಿದ್ದಿತ್ತು. ಬೀಗ ಹಾಕಿದವರೇ ಒಳಗೆ ಮಲಗಿದ್ದರು.

"ರಾಘಣ್ಣಾರ, ಕೇಕು ಅಮ್ಮಾರು ನನಗ ಕೊಟ್ಟದ್ದು. ಬೋಗುಣಿನೂ ನನ್ನ ಹಂತ್ಯಾಕ ಇರತೈತಿ. ಯಾರ್ ಒಗೀತಾರ ನೋಡ್ತೀನಿ," ಎಂದು ಕಿಟಕಿಯಿಂದಲೇ ಕೂಗಿ, ಹಿತ್ತಲಿನ ತಗಡಿನ ಚಪ್ಪರಕ್ಕೆ ನಡೆದಳು.

*

ವಿಜಯಾಬಾಯಿಯ ಮಗ ಪವಮಾನನಿಗೆ ನಾಲ್ಕು ವರ್ಷವಿದ್ದಾಗ ಟೈಫಾಯ್ಡ್ ಬಂದು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದ. ನೋಡಲು ಬಂದವರೆಲ್ಲ ಸೇಬು ತಂದರು. ಹುಡುಗನ ಗಂಟಲಲ್ಲಿ ಒಂದು ಹೋಳೂ ಇಳಿಯುತ್ತಿರಲಿಲ್ಲ. ಮಂಚದ ಕೆಳಗೆ ಸೇಬು ಸುಕ್ಕುಗಟ್ಟಿದವು. ಅಲ್ಲಿನ ನರ್ಸಮ್ಮ ಒಬ್ಬಳು, ಇವನ್ನು ಕೇಕು ಮಾಡಿ, ಮಗು ತಿನ್ನುತ್ತದೆ ಎಂದು ಮರಳಲ್ಲಿ ಬೇಯಿಸುವ ಬಗೆ ಹೇಳಿಕೊಟ್ಟಳು. ಅವಳು ಹೇಳಿದ ಸಾಮಾನಿನಲ್ಲಿ ಮೂರು ತತ್ತಿಯೂ ಇದ್ದವು.

ತತ್ತಿ ಬಿಟ್ಟು ಕೇಕು ಉಬ್ಬಿಸಲು ವಿಜಯಾಬಾಯಿಗೆ ಪೂರಾ ಒಂದು ವರ್ಷ ಹಿಡಿಯಿತು. ಹುಳಿ ಮೊಸರು, ಚಿಟಿಕೆ ಸೋಡಾ, ತುಪ್ಪ, ಬೆಲ್ಲ, ತುರಿದ ಸೇಬು, ಏಲಕ್ಕಿ. ಮೊದಲನೆಯದು ಇಟ್ಟಿಗೆಯಾಯಿತು, ಎರಡನೆಯದು ಅಂಬಲಿಯಾಯಿತು. ಅವರೂ ಹೊನ್ನೂರಮ್ಮನೂ ನಕ್ಕು ನಕ್ಕು ಸಾಕಾದರು. ಸಿರುಗುಪ್ಪದ ತವರಿಗೆ ಹೋದಾಗ ವಿಜಯಾಬಾಯಿ ಕೆಂಚನಗುಡ್ಡದ ಹೊಳೆಯಿಂದ ಮರಳು ತಂದು, ತೊಳೆದು, ಜರಡಿ ಹಿಡಿದರು. ದಪ್ಪ ತಳದ ಬೋಗುಣಿಯಲ್ಲಿ ಮರಳು, ಅದರ ಮೇಲೆ ಹಿಟ್ಟಿನ ಡಬ್ಬಿ, ಬೋಗುಣಿಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಪ್ರತಿ ಸಲವೂ ಹಿತ್ತಲ ಚಪ್ಪರದಲ್ಲಿ ಕೂತು ಕೆಂಡ ಊದಿದವಳು ಹೊನ್ನೂರಮ್ಮ. ಆ ಡಬ್ಬಿ ಒಂದು ದಿನವೂ ತತ್ತಿ ಕಂಡಿರಲಿಲ್ಲ.

ತತ್ತಿ ಕಂಡದ್ದು ಆ ಕೆಂಡ. ಆಗ ರಾಘಣ್ಣನವರಿಗೆ ಎದೆಯ ಜಡ್ಡು ಹತ್ತಿ ಎಲುಬು ಚರ್ಮ ಉಳಿದಿತ್ತು. ದಿನಾ ಎರಡು ತತ್ತಿ ತಿಂದರೆ ಮಾತ್ರ ಚೇತರಿಕೆ ಎಂದಿದ್ದರು ಡಾಕ್ಟರು. ಅವರು ಹೊನ್ನೂರಮ್ಮನ ಮುಂದೆ ಕೈ ಜೋಡಿಸಿದರು. ಅವಳು ತನ್ನ ಮನೆಯ ಕೋಳಿಯ ತತ್ತಿ ಸೆರಗಲ್ಲಿ ಕಟ್ಟಿ ತಂದು, ಅದೇ ಕೆಂಡದ ಮೇಲೆ ತನ್ನದೇ ಗಡಿಗೆಯಲ್ಲಿ ಕುದಿಸಿ ಕೊಟ್ಟಳು. ರಾಘಣ್ಣನವರು ಒಗೆಯುವ ಕಲ್ಲಿನ ಮೇಲೆ ಮನೆಗೆ ಬೆನ್ನು ಹಾಕಿ ಕೂತು ಗಬಗಬ ತಿನ್ನುತ್ತಿದ್ದರು. ಇದು ವಿಜಯಾಬಾಯಿಗೂ ಗೊತ್ತಿತ್ತು.

ಒಂದು ಮುಂಜಾನೆ ವಿಜಯಾಬಾಯಿಯ ಅತ್ತೆಗೆ ಆ ಬೂದಿಯಲ್ಲಿ ತತ್ತಿಯ ಸಿಪ್ಪೆ ಸಿಕ್ಕಿತು.

"ತತ್ತಿ ಹಾಕಿ ಕೇಕು ಮಾಡಿ ನನ್ನ ಮೊಮ್ಮಗನಿಗೆ ತಿನಸ್ತೀಯೇನ?"

ವಿಜಯಾಬಾಯಿ ತಲೆಯೆತ್ತಿ ಭಾವನನ್ನು ನೋಡಿದರು. ರಾಘಣ್ಣನವರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಓದುತ್ತಲೇ ಇದ್ದರು.

ಆ ಸಂಜೆ ಚಪ್ಪರದಲ್ಲಿ ಹೊನ್ನೂರಮ್ಮ ಕುದಿಯುತ್ತಿದ್ದಳು. "ಈಗ ಹೋಗಿ ಹೇಳತೀನ್ರಿ ಅಮ್ಮಾರ."

"ಬ್ಯಾಡ. ಅವರು ಬದುಕೋದ ಕಷ್ಟ ಅದ. ಗೊತ್ತಾದ್ರ ನಮ್ಮತ್ತಿ ಅವರನ್ನ ಒಳಗ ಬಿಡಂಗಿಲ್ಲ. ಆರಾಮಾದ ಮ್ಯಾಲೆ ಅವರ ಹೇಳ್ತಾರ. ನನ್ನ ತಲಿ ಮ್ಯಾಲೆ ಕೈ ಇಡು."

ಹೊನ್ನೂರಮ್ಮ ಕೈ ಇಟ್ಟಳು. ಜೀವಮಾನದಲ್ಲಿ ಅಷ್ಟು ದೊಡ್ಡ ತಪ್ಪು ಮತ್ತೊಂದು ಮಾಡಲಿಲ್ಲ.

ಅವತ್ತಿನಿಂದ ಹಬ್ಬದ ಅಡುಗೆಗೆ, ನೈವೇದ್ಯಕ್ಕೆ, ಶ್ರಾದ್ಧಕ್ಕೆ ವಿಜಯಾಬಾಯಿಯ ಕೈ ನಿಷಿದ್ಧವಾಯಿತು. ರಾಘಣ್ಣನವರು ಮೈ ತುಂಬಿಕೊಂಡರು. ತತ್ತಿ ಬಿಟ್ಟರು. ಮಠದ ಪ್ರವಚನದಲ್ಲಿ ಮುಂದಿನ ಸಾಲು ಹಿಡಿದರು. ಬಾಯಿ ಮಾತ್ರ ಬಿಡಲಿಲ್ಲ. ಅತ್ತೆ ತೀರಿಕೊಂಡ ಮೇಲಾದರೂ ಮುಗಿಯಬೇಕಿತ್ತು. ಆ ಕಟ್ಟಳೆಯನ್ನು ಮುಂದುವರಿಸಿದವರೇ ಇವರು! ಪವಮಾನನ ಮುಂಜಿಯಲ್ಲಿ ಮಾತೃಭೋಜನದ ಅಡುಗೆಯನ್ನೂ ಹೆತ್ತ ತಾಯಿಗೆ ಮಾಡಗೊಡಲಿಲ್ಲ. ಯಾರೋ ಬೇಯಿಸಿದ್ದನ್ನು ಆಕೆ ಮಗನ ಬಾಯಿಗಿಟ್ಟರು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೊನ್ನೂರಮ್ಮ ಅವತ್ತು ಒಂದು ಹಿತ್ತಾಳೆಯ ತಾಟು ಕಲ್ಲಿಗೆ ಕುಕ್ಕಿ ನಗ್ಗಿಸಿದ್ದಳು.

ಕಳೆದ ವಾರ ವಿಜಯಾಬಾಯಿ ಹಾಸಿಗೆ ಹಿಡಿದಾಗ ನೋಡಲು ಬಂದವರು ಮತ್ತೆ ಸೇಬು ತಂದರು. ಮೊನ್ನೆ ಅವರು ಸ್ಟೂಲಿನ ಮೇಲೆ ಕೂತು, ಉಸಿರು ಸಾಲದಿದ್ದರೂ, ಕೊನೆಯ ಕೇಕು ಮಾಡಿದರು. "ಇದು ನಿನಗ," ಅಂದಿದ್ದರು.

*

ಮೂರು ಗಂಟೆಗೆ ಗಂಡಸರು ಸ್ಮಶಾನದಿಂದ ಮಿಂದು, ಒದ್ದೆ ಪಂಚೆಯಲ್ಲಿ ಬಂದು, ವಿಜಯಾಬಾಯಿ ಮಲಗಿದ್ದ ಜಾಗದ ದೀಪಕ್ಕೆ ಕೈ ಮುಗಿದರು. ತಲೆ ಬೋಳಿಸಿಕೊಂಡ ಪವಮಾನ ಕಂಬಕ್ಕೊರಗಿ ಕೂತ. ಪಕ್ಕದ ಮನೆಯಿಂದ ಬರಬೇಕಿದ್ದ ಊಟ ಇನ್ನೂ ಬಂದಿರಲಿಲ್ಲ. ಅವನ ಮಗಳು ಶ್ರೀಕೃತಿ ಹಸಿವಾಗಿ ನೇರ ಚಪ್ಪರಕ್ಕೆ ಬಂದಳು.

"ಹೊನ್ನೂರಮ್ಮಾ, ಅಜ್ಜಿ ಕೇಕು ಅದ ಅಲ್ಲಾ?"

ಹಿಂದೆಯೇ ಬಂದ ಸುಪ್ರಜಾ ಡಬ್ಬಿ ತೆಗೆದು, ಕತ್ತರಿಸಿ, ಮಗಳಿಗೆ ಎರಡು ತುಂಡು ಕೊಟ್ಟಳು. ತಾನೂ ಒಂದನ್ನು ಬಾಯಿಗಿಟ್ಟು ಅಳತೊಡಗಿದಳು. ಹಿತ್ತಲ ಬಾಗಿಲಲ್ಲಿ ಹೆಂಗಸರು ಮುತ್ತಿದರು.

"ಅದನ್ನ ತಿಂತೀಯೇನ ಸುಪ್ರಜಾ? ಇವತ್ತ? ತತ್ತೀದು!"

ಹೊನ್ನೂರಮ್ಮ ಎದ್ದು ನಿಂತಳು. ಹೆಂಗಸರ ಹಿಂದೆ ರಾಘಣ್ಣನವರು ಕಂಡರು.

"ರಾಘಣ್ಣಾರ, ಮುಂದ ಬರ್ರಿ. ಇದರಾಗ ತತ್ತಿ ಐತೋ ಇಲ್ಲೋ, ಹೇಳ್ರಿ."

"ನನಗೇನು ಗೊತ್ತು? ಮಾಡಿದಾಕಿ ಹೋದ್ಲು."

"ಹೌದ್ರಿ, ಹೋದ್ರು. ಅವರ ತಲಿ ಮ್ಯಾಲ ಕೈ ಇಟ್ಟು ನಾ ಆಣಿ ಮಾಡೀನಿ. ನಾ ಹೇಳಂಗಿಲ್ಲ. ನೀವೇನು ಆಣಿ ಮಾಡಿಲ್ಲಲ್ರಿ? ನೀವ ಹೇಳ್ರಿ."

ಪವಮಾನ ಎದ್ದು ಬಂದು ದೊಡ್ಡಪ್ಪನ ಮುಖ ನೋಡಿದ. ಏನೂ ಅರಿಯದ ಶ್ರೀಕೃತಿ ತನ್ನ ಕೈಯ ಎರಡನೆಯ ತುಂಡನ್ನು ಮುದುಕನ ಅಂಗೈಗೆ ಇಟ್ಟು, "ತಿನ್ನು ದೊಡ್ಡಜ್ಜಾ, ಛಲೋ ಅದ," ಅಂದಳು.

ರಾಘಣ್ಣನವರ ಕಾಲು ತಾವಾಗಿಯೇ ನಡೆದವು. ಒಗೆಯುವ ಕಲ್ಲಿನವರೆಗೆ ಹೋಗಿ, ಮನೆಗೆ ಬೆನ್ನು ಹಾಕಿ, ಹಳೆಯ ಹಾಗೆಯೇ ಕೂತರು. ಗೋಡೆಯ ಕಡೆ ಏನೋ ಗೊಣಗಿದರು.

"ಗ್ವಾಡಿಗೆ ಹೇಳಬ್ಯಾಡ್ರಿ," ಅಂದಳು ಹೊನ್ನೂರಮ್ಮ. "ಈ ಕಡಿ ತಿರುಗ್ರಿ. ತಿರುಗಿ ಹೇಳ್ರಿ, ಆಮ್ಯಾಲ ತಿನ್ರಿ."

ಆಮೇಲೆ ಮುದುಕ ಮೊಣಕಾಲಿಗೆ ಕೈಯೂರಿ ಮನೆಯತ್ತ ತಿರುಗಿದರು.

"ಆ ಸಿಪ್ಪಿ ನಂದು. ತತ್ತಿ ತಿಂತಿದ್ದಾಂವ ನಾನು. ವಿಜಯಾಂದು ಏನೂ ಇಲ್ಲ."

ಸುಪ್ರಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರಳು ತುಂಬಿದ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಹೆಂಗಸರು ದಾರಿ ಬಿಟ್ಟರು. ಅವಳು ದೀಪದ ಪಕ್ಕ ಹಾದು ಅಡುಗೆಮನೆಗೆ ಹೋಗಿ, ಅದನ್ನು ಒಲೆಯ ಕಟ್ಟೆಯ ಮೇಲೆ ಇಟ್ಟ ಸದ್ದು ಹಿತ್ತಲವರೆಗೂ ಕೇಳಿಸಿತು.

ಊಟ ಬಂತೆಂದು ಯಾರೋ ಕರೆದರು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು. ರಾಘಣ್ಣನವರು ಕಲ್ಲಿನ ಮೇಲೆಯೇ ಕೂತಿದ್ದರು. ಅಂಗೈಯಲ್ಲಿದ್ದ ತುಂಡಿಗೆ ಇರುವೆ ಮುತ್ತಿದ್ದವು. ಅವರು ತಿನ್ನಲೂ ಇಲ್ಲ, ಕೈ ಕೊಡವಲೂ ಇಲ್ಲ.